ಬೀದರಿಗೆ ಹದಿನೈದು ನಿಮಿಷ ಹೆಚ್ಚು

ಮೈಸೂರಿನಿಂದ ಬೀದರಿಗೆ ನೇರ ಗೆರೆ ಎಳೆದರೆ ಸುಮಾರು ಆರುನೂರ ಮೂವತ್ತು ಕಿಲೋಮೀಟರು. ಗೀಜಗ ಎಂಬ ಪೈಲಟ್ ಇಲ್ಲದ ಪುಟ್ಟ ವಿಮಾನ ಅಷ್ಟು ದೂರವನ್ನು ಎರಡು ಗಂಟೆ ಒಂಬತ್ತು ನಿಮಿಷದಲ್ಲಿ ಹಾರುತ್ತಿತ್ತು. ಆದರೆ ಜೀವವಾಹಿನಿ ಕೇಂದ್ರದ ಕಂಪ್ಯೂಟರಿನಲ್ಲಿ ಮಾತ್ರ ನಾಲ್ಕು ವರ್ಷಗಳ ಕಾಲ ಅದು ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷ ಎಂದೇ ಇತ್ತು. ಹಾಗೆಂದು ಅದರಲ್ಲಿ ತುಂಬಿದವನು ಚೆಲುವರಾಜು.

ಜೀವವಾಹಿನಿ ಕೇಂದ್ರ ಮೈಸೂರಿನ ಹೊರವಲಯದ ಒಂದು ಹಳೆಯ ಕಾರ್ಖಾನೆಯ ಕಟ್ಟಡದಲ್ಲಿತ್ತು. ನೆಲಮಹಡಿಯ ಪ್ರಯೋಗಾಲಯದಲ್ಲಿ ಹೃದಯದ ಸ್ನಾಯು ಬೆಳೆಸುತ್ತಿದ್ದರು. ಗಾಜಿನ ತೊಟ್ಟಿಯ ಬೆಚ್ಚಗಿನ ದ್ರವದಲ್ಲಿ ಒಂಬತ್ತು ವಾರ ಬೆಳೆದ ಮೇಲೆ ಅದು ಅಂಗೈ ಅಗಲದ, ದೋಸೆಯಷ್ಟು ದಪ್ಪದ ಪದರವಾಗಿ ತನ್ನಷ್ಟಕ್ಕೆ ತಾನೇ ಮಿಡಿಯತೊಡಗುತ್ತಿತ್ತು. ಸೋತ ಹೃದಯದ ಮೇಲೆ ಅದನ್ನಿಟ್ಟು ಹೊಲಿದರೆ ಕೆಲವು ವಾರಗಳಲ್ಲಿ ಹೃದಯದೊಡನೆ ಬೆಸೆದುಕೊಂಡು, ಅದರ ಜೊತೆಗೇ ರಕ್ತ ತಳ್ಳುತ್ತಿತ್ತು. ಕಾಗದಪತ್ರಗಳಲ್ಲಿ ಅದರ ಹೆಸರು 'ಹೃದಯ ಸ್ನಾಯು ಪದರ'. ಜನ ತೇಪೆ ಎಂದೇ ಕರೆದರು. ಯಾರ ಮೈಗಾದರೂ ಒಗ್ಗುವಂತೆ ಬೆಳೆಸಿದ್ದರಿಂದ ರಕ್ತದ ಗುಂಪು ನೋಡಬೇಕಾಗಿರಲಿಲ್ಲ, ಸರದಿಯಲ್ಲಿ ಮೊದಲಿದ್ದವರಿಗೆ ಕೊಡುವುದಷ್ಟೇ. ತಿಂಗಳಿಗೆ ನಾಲ್ಕೋ ಐದೋ ಸಿದ್ಧವಾಗುತ್ತಿದ್ದವು. ಕಾಯುವವರು ನೂರಾರು ಜನ. ಅವರು ಮೈಸೂರಿಗೆ ಬರುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ತಂತಮ್ಮ ಜಿಲ್ಲೆಯ ಆಸ್ಪತ್ರೆಯಲ್ಲೇ ಮಲಗಿ ಕಾಯುತ್ತಿದ್ದರು. ತೇಪೆಯೇ ಅವರ ಬಳಿಗೆ ಹಾರಿಹೋಗಬೇಕಿತ್ತು.

ತೊಟ್ಟಿಯಿಂದ ಹೊರಬಂದ ತೇಪೆಗೆ ಆಯುಷ್ಯ ಕಡಿಮೆ. ಅದರಲ್ಲಿ ರಕ್ತನಾಳಗಳಿಲ್ಲ. ಪೆಟ್ಟಿಗೆಯೊಳಗಿನ ಪ್ರಾಣವಾಯು ಮೇಲ್ಪದರಕ್ಕೆ ತಲುಪುತ್ತದೆಯೇ ಹೊರತು ಒಳಗಿನ ಕೋಶಗಳು ಹೊತ್ತು ಕಳೆದಂತೆ ಸಾಯತೊಡಗುತ್ತವೆ. ಎಲ್ಲವನ್ನೂ ಅಳೆದು ನೋಡಿ ವೈದ್ಯರು ಹಾರಾಟಕ್ಕೆಂದು ಬಿಟ್ಟುಕೊಟ್ಟದ್ದು ಎರಡು ಗಂಟೆ ಇಪ್ಪತ್ತು ನಿಮಿಷ. ಅಷ್ಟರೊಳಗೆ ತಲುಪುವ ಊರುಗಳು ನಿಯಂತ್ರಣ ಕೊಠಡಿಯ ನಕ್ಷೆಯಲ್ಲಿ ಹಸಿರು. ತಲುಪದವು ಬೂದು. ತೇಪೆ ಸಿದ್ಧವಾದಾಗ ಕಂಪ್ಯೂಟರು ಸರದಿಯ ಪಟ್ಟಿ ನೋಡುತ್ತಿತ್ತು. ಮೊದಲಿದ್ದವರ ಊರು ಬೂದಾಗಿದ್ದರೆ ಸದ್ದಿಲ್ಲದೆ ಮುಂದಿನವರಿಗೆ ಹೋಗುತ್ತಿತ್ತು. ಬಿಟ್ಟುಹೋದವರಿಗೆ ಅದು ತಿಳಿಯುತ್ತಲೂ ಇರಲಿಲ್ಲ. ಅವರ ಫೋನಿನಲ್ಲಿ ನಂಬರ್ ಒಂದು ಎಂದೇ ಇರುತ್ತಿತ್ತು.

ಚೆಲುವರಾಜು ಹಾರಾಟ ಸಮಯ ವಿಭಾಗದ ಮುಖ್ಯಸ್ಥ. ವಯಸ್ಸು ನಲವತ್ತೆಂಟು. ಗಾಳಿಯ ದಿಕ್ಕು, ವೇಗ, ಎತ್ತರ ನೋಡಿ ಯಾವ ಊರಿಗೆ ಎಷ್ಟು ಹೊತ್ತು ಎಂದು ಗೊತ್ತುಮಾಡುವುದು ಅವನ ಕೆಲಸ. ಕೇಂದ್ರ ಆರಂಭವಾದ ಮೊದಲ ವರ್ಷ ಕಲಬುರಗಿಗೆ ಹೊರಟ ಒಂದು ಗೀಜಗ ಎದುರುಗಾಳಿಗೆ ಸಿಕ್ಕಿ, ಹೇಳಿದ್ದಕ್ಕಿಂತ ಮೂರು ನಿಮಿಷ ತಡವಾಗಿ ಇಳಿಯಿತು. ಅಲ್ಲಿ ವೈದ್ಯರು ಆಗಲೇ ರೋಗಿಯ ಎದೆ ತೆರೆದು ಕಾಯುತ್ತಿದ್ದರು. ರೋಗಿ ಉಳಿದ. ಆದರೆ ವಿಚಾರಣೆ ನಡೆಯಿತು. ನಲವತ್ತು ಜನರೆದುರು ಒಬ್ಬ ಹಿರಿಯ ಅಧಿಕಾರಿ, "ನಿಮಗೆ ಗಡಿಯಾರ ನೋಡೋಕಾದ್ರೂ ಬರತ್ತೇನ್ರೀ?" ಎಂದು ಕೇಳಿದ. ಕೆಲವರು ನಕ್ಕರು.

ಮರುವಾರ ಚೆಲುವರಾಜು ಐನೂರು ಕಿಲೋಮೀಟರಿಗಿಂತ ಉದ್ದದ ಎಲ್ಲ ಮಾರ್ಗಗಳಿಗೂ ಹದಿನೈದು ನಿಮಿಷ ಸೇರಿಸಿದ. ಯಾರನ್ನೂ ಕೇಳಲಿಲ್ಲ, ಎಲ್ಲೂ ಬರೆದಿಡಲಿಲ್ಲ. ಸೇರಿಸಿದ ಕ್ಷಣ ಗೋಡೆಯ ಮೇಲಿನ ನಕ್ಷೆಯಲ್ಲಿ ಒಂದೇ ಒಂದು ಚುಕ್ಕೆ ಬಣ್ಣ ಬದಲಿಸಿತು. ರಾಜ್ಯದ ತುತ್ತತುದಿಯ ಬೀದರ್ ಬೂದಾಯಿತು. ಅವನು ಅದನ್ನು ನೋಡಿದ. ಗಾಳಿ ಅಳೆಯುವ ಹೊಸ ಯಂತ್ರಗಳು ಬರಲಿವೆ, ಆಗ ತೆಗೆದರಾಯಿತು ಅಂದುಕೊಂಡ. ಆರು ತಿಂಗಳಿಗೆ ಯಂತ್ರಗಳು ಬಂದವು. ಅವನು ತೆಗೆಯಲಿಲ್ಲ. ಅಷ್ಟರಲ್ಲಿ ಗೀಜಗಗಳು ಒಂದೂ ತಡವಾಗದೆ, ಹೇಳಿದ್ದಕ್ಕಿಂತ ಮೊದಲೇ ಇಳಿಯುತ್ತ ಹೆಸರು ಮಾಡಿದ್ದವು. ಕೇಂದ್ರಕ್ಕೆ ಸಮಯಪಾಲನೆಯ ಪ್ರಶಸ್ತಿ ಬಂತು. ವಿಚಾರಣೆಯಲ್ಲಿ ನಕ್ಕವರೇ ಚಪ್ಪಾಳೆ ತಟ್ಟಿದರು.

ಐದನೆಯ ವರ್ಷದ ಫೆಬ್ರವರಿಯಲ್ಲಿ ಬೀದರಿನಿಂದ ಒಂದು ಕಾಗದ ಬಂತು. ಗೆರೆ ಹಾಕಿದ ಹಾಳೆ, ನೀಟಾದ ದುಂಡು ಅಕ್ಷರ.

"ಮಾನ್ಯರೆ, ನಾನು ಧೂಳಪ್ಪ ಮೇತ್ರೆ, ಬೀದರ್ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಸಂಚಾರ ನಿಯಂತ್ರಕನಾಗಿದ್ದು ನಿವೃತ್ತನಾಗಿರುತ್ತೇನೆ. ನನ್ನ ಮಗಳು ಜಗದೇವಿ, ವಯಸ್ಸು ಮೂವತ್ತಮೂರು, ಎರಡನೆಯ ಹೆರಿಗೆಯ ನಂತರ ಹೃದಯ ದುರ್ಬಲವಾಗಿ ಇಲ್ಲಿಯ ಆಸ್ಪತ್ರೆಯಲ್ಲಿದ್ದಾಳೆ. ಸರದಿಯಲ್ಲಿ ಐದು ವಾರಗಳಿಂದ ಆಕೆಯದು ಒಂದನೆಯ ನಂಬರು. ಈ ಐದು ವಾರಗಳಲ್ಲಿ ತಾವು ಐದು ತೇಪೆಗಳನ್ನು ಬೇರೆ ಊರುಗಳಿಗೆ ಕಳಿಸಿದ್ದೀರಿ. ತಮ್ಮ ವಿಮಾನಗಳು ಔಷಧಿ ಮತ್ತು ರಕ್ತ ತೆಗೆದುಕೊಂಡು ಈ ಆಸ್ಪತ್ರೆಯ ಮಾಳಿಗೆಯ ಮೇಲೆ ಇಳಿಯುತ್ತವೆ. ಮಗಳ ಬಳಿ ಕುಳಿತು ಬೇರೆ ಉದ್ಯೋಗವಿಲ್ಲದ್ದರಿಂದ ನಲವತ್ತೊಂದು ವಿಮಾನಗಳ ವೇಳೆ ಬರೆದುಕೊಂಡಿದ್ದೇನೆ. ಅತಿ ಬೇಗ ಬಂದದ್ದು ಎರಡು ಗಂಟೆ ನಾಲ್ಕು ನಿಮಿಷ. ಅತಿ ತಡವಾಗಿ ಬಂದದ್ದು ಎರಡು ಗಂಟೆ ಹದಿನಾಲ್ಕು. ತಮ್ಮ ಜಾಲತಾಣದಲ್ಲಿ ಮಾತ್ರ ಎರಡು ಗಂಟೆ ಇಪ್ಪತ್ತನಾಲ್ಕು ಎಂದಿದೆ. ಕೆಲಸದ ಒತ್ತಡದಲ್ಲಿ ಕಣ್ತಪ್ಪಿನಿಂದ ಹೀಗಾಗಿರಬಹುದು. ದಯಮಾಡಿ ಒಮ್ಮೆ ಪರಿಶೀಲಿಸಬೇಕಾಗಿ ವಿನಂತಿ."

ಜೊತೆಗೆ ನಲವತ್ತೊಂದು ವಿಮಾನಗಳ ಪಟ್ಟಿ ಇತ್ತು. ಜಾಲತಾಣದಲ್ಲಿ ತೋರಿಸಿದ ಹೊರಟ ವೇಳೆ, ಮಾಳಿಗೆಯ ಮೇಲೆ ಇಳಿದ ವೇಳೆ, ಆ ದಿನದ ಗಾಳಿ ಜೋರೋ ಮಂದವೋ ಎಂಬ ಟಿಪ್ಪಣಿ. ಚೆಲುವರಾಜು ಪೂರ್ತಿ ಓದಿದ. ಒಂದು ತಪ್ಪೂ ಸಿಗಲಿಲ್ಲ. ಕಾಗದವನ್ನು ಮಡಚಿ ಮೇಜಿನ ಡ್ರಾಯರಿನಲ್ಲಿ ಹಾಕಿ ತಳ್ಳಿದ.

ಈಗ ಬೀದರಿಗೆ ಮಾತ್ರ ಹದಿನೈದು ನಿಮಿಷ ಕಡಿಮೆ ಮಾಡಿದರೆ ಯಾಕೆ ಎಂದು ಯಾರಾದರೂ ಕೇಳಬಹುದು. ಕೇಳಿದರೆ ಸೇರಿಸಿದ್ದು ಯಾಕೆ ಎಂಬುದೂ ಬರುತ್ತದೆ. ಮತ್ತೆ ವಿಚಾರಣೆ, ಮತ್ತೆ ಆ ನಲವತ್ತು ಮುಖ. ನಾಳೆ ನೋಡೋಣ ಅಂದುಕೊಂಡ. ಮರುದಿನವೂ ಹಾಗೇ ಅಂದುಕೊಂಡ.

ಆರನೆಯ ದಿನ ಒಂದು ತೇಪೆ ಸಿದ್ಧವಾಯಿತು. ನಿಯಂತ್ರಣ ಕೊಠಡಿಯಲ್ಲಿ ಪಾಳಿಯಲ್ಲಿದ್ದವಳು ಪೊನ್ನಮ್ಮ, ಮಡಿಕೇರಿ ಕಡೆಯ ಹುಡುಗಿ.

"ಸಾರ್, ಮೊದಲನೇ ಹೆಸರು ಬೀದರ್ ಜಗದೇವಿ. ಊರು ಬೂದು ತೋರಿಸ್ತಿದೆ. ಎರಡನೇದು ದಾವಣಗೆರೆ, ಹಸಿರು. ಕಳ್ಸೋದಾ?"

ಅವನ ಕಣ್ಣು ನಕ್ಷೆಯ ಮೇಲಿನ ತುದಿಗೆ ಹೋಯಿತು. ಹನ್ನೆರಡು ನಿಮಿಷದ ಹಿಂದೆಯಷ್ಟೇ ಬೀದರಿಗೆ ರಕ್ತದ ಚೀಲಗಳನ್ನು ಹೊತ್ತ ಗೀಜಗವೊಂದು ಇಳಿದಿತ್ತು. ಪರದೆಯ ಮೂಲೆಯಲ್ಲಿ ಅದರ ಹಾರಾಟದ ವೇಳೆ ಇನ್ನೂ ಕಾಣುತ್ತಿತ್ತು: ಎರಡು ಗಂಟೆ ಏಳು ನಿಮಿಷ.

"ಸಾರ್?"

"ಕಳ್ಸಿ," ಎಂದ ಚೆಲುವರಾಜು. ಹೆಬ್ಬೆರಳೊತ್ತಿ ಒಪ್ಪಿಗೆ ಕೊಟ್ಟ.

ಪೊನ್ನಮ್ಮ ಅವನ ಮುಖವನ್ನೊಮ್ಮೆ ನೋಡಿದಳು. ಅವಳಿಗೇನೂ ಗೊತ್ತಿರಲಿಲ್ಲ. ಆದರೂ ಅವನು ಅವಳ ಕಣ್ಣು ತಪ್ಪಿಸಿ, ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋದ.

ಒಂಬತ್ತನೆಯ ದಿನ ಮನೆಯಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಹೆಂಡತಿ ಪ್ರಮೀಳಾ ಕೇಳಿದಾಗಲೆಲ್ಲ ನಿಜವಾದ ವೇಳೆಗೆ ಅರ್ಧ ಗಂಟೆ ಸೇರಿಸಿ ಹೇಳುವುದು ಅವನ ಅಭ್ಯಾಸ. ಮೊದಲೇ ಬಂದರೆ ಎಲ್ಲರಿಗೂ ಖುಷಿ, ತಡವಾದರೆ ಬೈಗುಳವಿಲ್ಲ. ಆ ಸಂಜೆ ಏಳೂವರೆಗೆ ಎಂದವನು ಏಳಕ್ಕೆ ಹತ್ತು ನಿಮಿಷ ಇರುವಾಗಲೇ ಬಂದ. ಟೀಪಾಯಿ ಮೇಲೆ ಎರಡು ಕಾಫಿ ಲೋಟಗಳಿದ್ದವು.

"ಅಯ್ಯೋ, ಈಗ ಬಂದ್ರಾ?" ಎಂದಳು ಪ್ರಮೀಳಾ. "ನಿಮ್ಮ ಹೈಸ್ಕೂಲ್ ಫ್ರೆಂಡ್ ಅನಂತಶಯನ ಬಂದಿದ್ರು. ಇಪ್ಪತ್ತು ವರ್ಷ ಆಯ್ತಂತೆ ನಿಮ್ಮನ್ನ ನೋಡಿ. ಏಳೂಮುಕ್ಕಾಲಿಗೆ ಟ್ರೈನು. ನೀವು ಏಳೂವರೆ ಅಂದಿದ್ರಲ್ಲ, ನಾನು ಹಾಗೇ ಹೇಳ್ದೆ. ಇನ್ನು ಕಾದು ಪ್ರಯೋಜನ ಇಲ್ಲ ಅಂತ ಈಗ ತಾನೇ ಎದ್ದು ಹೋದ್ರು. ನಿಜ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅವಳು ಹಗುರಾಗಿಯೇ ಕೇಳಿದ್ದಳು. ಚೆಲುವರಾಜು ಚಪ್ಪಲಿ ಕೂಡ ಬಿಡದೆ ಕುರ್ಚಿಯಲ್ಲಿ ಕುಳಿತ. ಆಮೇಲೆ ಎಲ್ಲವನ್ನೂ ಹೇಳಿದ. ಕಲಬುರಗಿಯ ವಿಚಾರಣೆ, ಹದಿನೈದು ನಿಮಿಷ, ಧೂಳಪ್ಪನ ಕಾಗದ, ಮೂರು ದಿನದ ಹಿಂದೆ ದಾವಣಗೆರೆಗೆ ಹೋದ ತೇಪೆ.

ಪ್ರಮೀಳಾ ನಗರದ ಗ್ರಂಥಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಮಾತಿಗೆ ಮಾತು ಸೇರಿಸುವವಳಲ್ಲ. ಕೇಳಿ ಮುಗಿಸಿ ಒಂದೇ ಪ್ರಶ್ನೆ ಕೇಳಿದಳು.

"ಬೀದರ್ ಬೂದಾಗಿದ್ದನ್ನ ಆವತ್ತೇ ನೋಡಿದ್ರಾ?"

"ನೋಡ್ದೆ."

ಅವಳು ಲೋಟಗಳನ್ನೆತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅವನು ನಿರ್ದೇಶಕಿ ರೇವತಿ ಕಾಮತರ ಕೋಣೆಗೆ ಹೋಗಿ, ತಾನು ಮಾಡಿದ್ದನ್ನು ಹೇಳಿ, ಕಾಗದವನ್ನು ಅವರ ಮುಂದಿಟ್ಟ. ಅವರು ಎರಡು ಸಲ ಓದಿದರು.

"ಎಷ್ಟು ಜನ?" ಎಂದರು.

ಅದನ್ನೂ ಅವನು ಬೆಳಿಗ್ಗೆಯೇ ಹುಡುಕಿ ತೆಗೆದಿದ್ದ. ನಾಲ್ಕು ವರ್ಷಗಳಲ್ಲಿ ಬೀದರ್ ಆಸ್ಪತ್ರೆಯಲ್ಲಿ ಒಂದನೆಯ ನಂಬರಿಗೆ ಬಂದು, ಅಲ್ಲೇ ಕಾಯುತ್ತ ತೀರಿಕೊಂಡವರು ಐದು ಜನ. ಅವರ ಹೆಸರು ಬರೆದ ಚೀಟಿಯನ್ನು ಮೇಜಿನ ಮೇಲಿಟ್ಟ.

ಅವರು ಅದನ್ನು ಮುಟ್ಟಲಿಲ್ಲ. ಕಿಟಕಿಯ ಕಡೆ ನೋಡುತ್ತ ಹೇಳಿದರು: "ಇವತ್ತೇ ಸರಿ ಮಾಡಿ. ಆದ್ರೆ ಸುಧಾರಿತ ಮಾರ್ಗ ಅಂತ ಹಾಕೋಣ. ಈ ಕೇಂದ್ರವನ್ನ ಮುಚ್ಚಬೇಕು ಅನ್ನೋರು ಬೇಕಾದಷ್ಟು ಜನ ಇದಾರೆ. ಇದು ಹೊರಗೆ ಹೋದ್ರೆ ಬೀದರ್ ಒಂದೇ ಅಲ್ಲ, ಎಲ್ಲಾ ಊರಿಗೂ ತೇಪೆ ನಿಲ್ಲತ್ತೆ. ಅರ್ಥ ಆಯ್ತಲ್ಲ?"

ಅರ್ಥವಾಯಿತು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದು ತನಗೆ ಎಷ್ಟು ಅನುಕೂಲ ಎಂಬುದೂ ಅವನಿಗೆ ಅರ್ಥವಾಯಿತು. ತನ್ನ ಜಾಗಕ್ಕೆ ಮರಳಿ ಅಂಕಿಯನ್ನು ತಿದ್ದಿದ. ಅರ್ಧ ನಿಮಿಷವೂ ಹಿಡಿಯಲಿಲ್ಲ. ನಕ್ಷೆಯಲ್ಲಿ ಬೀದರ್ ಹಸಿರಾಯಿತು. ಕೊಠಡಿಯಲ್ಲಿದ್ದ ಯಾರೂ ತಲೆಯೆತ್ತಿ ನೋಡಲಿಲ್ಲ.

ಮೂರು ದಿನಗಳ ಬಳಿಕ ಮುಂದಿನ ತೇಪೆ ಜಗದೇವಿಗೆ ಹೋಯಿತು. ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಗೀಜಗ ಮೇಲೆದ್ದಿತು. ಚೆಲುವರಾಜು ಎರಡು ಗಂಟೆಯೂ ನಿಂತೇ ಇದ್ದ. ತುಂಗಭದ್ರೆ ದಾಟಿತು, ಕೃಷ್ಣೆ ದಾಟಿತು. ಕಲಬುರಗಿಯ ಹತ್ತಿರ ಎದುರುಗಾಳಿ ಎದ್ದಾಗ ಅವನು ಪರದೆಯ ಹತ್ತಿರಕ್ಕೆ ಸರಿದ. ಹನ್ನೊಂದೂ ಹದಿನೇಳಕ್ಕೆ ಪೊನ್ನಮ್ಮ ಕೂಗಿದಳು: "ಇಳೀತು ಸಾರ್! ಎರಡು ಗಂಟೆ ಏಳು ನಿಮಿಷ!" ಎಲ್ಲರೂ ಚಪ್ಪಾಳೆ ತಟ್ಟಿದರು. ಬೀದರಿಗೆ ಅದು ಮೊದಲ ತೇಪೆ. ಯಾರೋ ಅವನ ಬೆನ್ನು ತಟ್ಟಿದರು. ಸುಧಾರಿತ ಮಾರ್ಗದ ಸುದ್ದಿ ಮರುದಿನದ ಪತ್ರಿಕೆಗಳಲ್ಲಿ ಅವನ ಫೋಟೋದೊಂದಿಗೆ ಬಂತು.

ಏಪ್ರಿಲ್‌ನಲ್ಲಿ ಧೂಳಪ್ಪ ಮೇತ್ರೆಯ ಇನ್ನೊಂದು ಕಾಗದ. ಮಗಳು ಈಗ ಎದ್ದು ಓಡಾಡುತ್ತಿದ್ದಾಳೆ, ಆಸ್ಪತ್ರೆಯವರೂ ಊರವರೂ ಸೇರಿ ತಮಗೊಂದು ಸಣ್ಣ ಸನ್ಮಾನ ಇಟ್ಟುಕೊಂಡಿದ್ದಾರೆ, ಇಲ್ಲ ಅನ್ನದೆ ಬರಬೇಕು ಎಂದಿತ್ತು. ಚೆಲುವರಾಜು ಆರೋಗ್ಯದ ನೆಪ ಹೇಳಿ ಉತ್ತರ ಬರೆದ. ಅಂಚೆಗೆ ಹಾಕುವ ಮೊದಲು ಪ್ರಮೀಳಾ ಅದನ್ನು ಓದಿದಳು.

"ಹೋಗಿ," ಎಂದಳು.

"ಶಾಲು ಹೊದಿಸ್ತಾರೆ ಕಣೇ."

"ಹೊದಿಸ್ಕೊಂಡು ಬರ್ತೀರೋ, ಬೇಡ ಅಂತೀರೋ ಅದು ನಿಮಗೆ ಬಿಟ್ಟಿದ್ದು. ಆದ್ರೆ ಅವರು ಇನ್ನೊಂದು ಕಾಗದ ಬರೆದಿದಾರೆ. ಇದನ್ನೂ ಡ್ರಾಯರಿಗೆ ಹಾಕಬೇಡಿ."

ರೈಲು ಬೀದರ್ ತಲುಪಿದಾಗ ಬೆಳಗಿನ ಬಿಸಿಲು ಆಗಲೇ ಚುರುಕಾಗಿತ್ತು. ನಿಲ್ದಾಣಕ್ಕೆ ಧೂಳಪ್ಪನೇ ಬಂದಿದ್ದ. ಬಿಳಿ ಅಂಗಿ, ಬಿಳಿ ಟೋಪಿ, ಎಪ್ಪತ್ತರ ಹತ್ತಿರದ ತೆಳ್ಳಗಿನ ಆಳು. ಚೆಲುವರಾಜುವಿನ ಚೀಲವನ್ನು ಕೈಯಿಂದ ಕಸಿದುಕೊಂಡ.

"ಗಾಡಿ ಹನ್ನೊಂದು ನಿಮಿಷ ಲೇಟ್ ಅದ ಸಾಹೇಬ್ರ," ಎಂದು ನಕ್ಕ. "ಚಟ ನೋಡ್ರಿ, ಇನ್ನಾ ಹೋಗಿಲ್ಲ."

ಮನೆಯಲ್ಲಿ ಜಗದೇವಿಯೇ ಚಹಾ ತಂದು ಕೊಟ್ಟಳು. ನಿಧಾನವಾಗಿ ನಡೆಯುತ್ತಿದ್ದಳು. ತೊಟ್ಟಿಲಲ್ಲಿ ಒಂದೂವರೆ ವರ್ಷದ ಮಗು ಮಲಗಿತ್ತು. "ನಿಮ್ಮ ದಯದಿಂದ ಇಕಿನ್ನ ಎತ್ತಿಕೊಳ್ಳಾಕತ್ತೀನ್ರಿ ಅಣ್ಣಾವರ," ಎಂದಳು. ಆಗಲೇ ಹೇಳಬೇಕಿತ್ತು. ಚೆಲುವರಾಜು ತಲೆ ತಗ್ಗಿಸಿ ಚಹಾ ಕುಡಿದ.

ಸನ್ಮಾನ ಆಸ್ಪತ್ರೆಯ ಸಭಾಂಗಣದಲ್ಲಿ. ಐವತ್ತು ಅರವತ್ತು ಜನ ಸೇರಿದ್ದರು. ಹಿರಿಯ ವೈದ್ಯರೊಬ್ಬರು ಮಾತಾಡಿದರು. ಆಮೇಲೆ ಧೂಳಪ್ಪ ಶಾಲು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಹತ್ತಿರ ಬಂದ. ಚೆಲುವರಾಜು ಒಂದು ಹೆಜ್ಜೆ ಹಿಂದೆ ಸರಿದ.

"ಇದು ಬೇಡ," ಎಂದ. "ಮೊದ್ಲು ನಾನೊಂದು ಮಾತು ಹೇಳ್ಬೇಕು. ಆಮೇಲೆ ನಿಮಗೇ ಇದನ್ನ ಹೊದಿಸ್ಬೇಕು ಅನ್ಸಲ್ಲ."

ಮೈಕು ಹಿಡಿಯದೆ, ಇದ್ದಲ್ಲೇ ನಿಂತು ಹೇಳಿದ. ಹೊಸ ಮಾರ್ಗ ಯಾವುದೂ ಇರಲಿಲ್ಲ ಎಂದ. ಬೀದರ್ ಮೊದಲಿನಿಂದಲೂ ಮಿತಿಯೊಳಗೇ ಇತ್ತು, ತಾನು ಬೈಸಿಕೊಳ್ಳಬಾರದೆಂದು ಸೇರಿಸಿದ ಹದಿನೈದು ನಿಮಿಷದಿಂದ ಅದು ನಾಲ್ಕು ನಿಮಿಷ ಆಚೆ ಹೋಯಿತು ಎಂದ. ಹೋದದ್ದು ತನ್ನ ಕಣ್ಣಿಗೆ ಬಿದ್ದಿತ್ತು ಎಂದ. ಐದು ಹೆಸರುಗಳನ್ನೂ ಹೇಳಿದ. ಧೂಳಪ್ಪನವರ ಕಾಗದ ಬಂದ ಮೇಲೂ ಒಂಬತ್ತು ದಿನ ಸುಮ್ಮನಿದ್ದೆ, ಆ ನಡುವೆ ಜಗದೇವಿಗೆ ಬರಬೇಕಾದ ಒಂದು ತೇಪೆಯನ್ನು ಬೇರೆ ಊರಿಗೆ ಕಳಿಸಿದೆ, ಅದಕ್ಕೆ ಒಪ್ಪಿಗೆ ಕೊಟ್ಟ ಬೆರಳು ಇದೇ ಎಂದ.

ಹಿಂದಿನ ಸಾಲಿನಿಂದ ಯಾರೋ ಕುರ್ಚಿ ತಳ್ಳಿ ಎದ್ದುಹೋದರು. ಇನ್ನೊಬ್ಬ, "ಇಂಥವಗ ಹಾರ ಹಾಕ್ಲಿಕ್ಕ ಕರಸೀರೇನು?" ಎಂದು ವೈದ್ಯರ ಮೇಲೆ ಕೂಗಾಡಿದ. ಮುಂದಿನ ಸಾಲಿನಲ್ಲಿದ್ದ ಜಗದೇವಿ ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ಎಳೆದುಕೊಂಡು ನೆಲ ನೋಡುತ್ತ ಕುಳಿತಳು. ಬೆಳಿಗ್ಗೆ ಅಣ್ಣಾವರ ಎಂದು ಕರೆದವಳು ಮತ್ತೆ ಅವನತ್ತ ನೋಡಲಿಲ್ಲ.

ಜನ ಗುಂಪು ಗುಂಪಾಗಿ ಹೊರಗೆ ಹೋದರು. ಧೂಳಪ್ಪ ಮಾತ್ರ ಶಾಲನ್ನು ಮಡಿಕೆ ಸರಿಯಾಗಿ ಮಡಚುತ್ತಿದ್ದ.

"ನನಗ ಗೊತ್ತಿತ್ತು ಸಾಹೇಬ್ರ," ಎಂದ ತಲೆಯೆತ್ತದೆ.

"ಏನು?"

"ಕಣ್ತಪ್ಪಲ್ಲ ಅಂತ. ಕಣ್ತಪ್ಪಿದ್ರ ಒಂದರಾಗ ಹೆಚ್ಚಿರ್ತದ, ಒಂದರಾಗ ಕಮ್ಮಿ ಇರ್ತದ. ನಾ ಬೀದರಷ್ಟೇ ನೋಡಿಲ್ಲ. ನಿಮ್ಮ ಜಾಲತಾಣದಾಗ ಎಲ್ಲಾ ಊರಿಂದೂ ದೂರ, ವೇಳೆ ಎರಡೂ ಅವ. ಲೆಕ್ಕ ಹಚ್ಚಿ ನೋಡ್ದೆ. ದೂರದ ಊರೆಲ್ಲ ಕರೆಕ್ಟ್ ಹದಿನೈದು ನಿಮಿಷ ಹೆಚ್ಚು. ನಾವೂ ಹಂಗೇ ಮಾಡ್ತಿದ್ವಿ. ಹುಮನಾಬಾದ ಬಸ್ಸಿಗಿ ಹತ್ತು ನಿಮಿಷ ಹೆಚ್ಚು ಬರೀತಿದ್ವಿ, ಡ್ರೈವರಗ ಬೈಗಳ ಬೀಳಬಾರ್ದಂತ. ಬಸ್ಸು ಊರ ಅಗಸಿ ಹೊರಗ ಐದು ನಿಮಿಷ ನಿಂತು ಬರ್ತಿತ್ತು, ಅಷ್ಟೇ. ಯಾರೂ ಸಾಯ್ತಿದ್ದಿಲ್ಲ."

"ಮತ್ತೆ ಕಣ್ತಪ್ಪು ಅಂತ ಯಾಕೆ ಬರೆದ್ರಿ?"

"ನಿಮಗ ತಿದ್ದಲಿಕ್ಕ ಒಂದು ದಾರಿ ಬೇಕಲ್ರೀ. ಬೇಕಂತಾ ಮಾಡೀರಿ ಅಂತ ಬರ್ದಿದ್ರ ನೀವು ಜಗಳಕ್ಕ ನಿಲ್ತಿದ್ರಿ, ವಕೀಲರ ಕಡಿ ಹೋಗ್ತಿದ್ರಿ. ಅಷ್ಟು ದಿನ ನನ್ನ ಮಗಳ ಕಡಿ ಇದ್ದಿದ್ದಿಲ್ಲ." ಮಡಚಿದ ಶಾಲನ್ನು ಕಂಕುಳಲ್ಲಿ ಇಟ್ಟುಕೊಂಡ. "ಎರಡು ದಿನದಾಗ ತಿದ್ತೀರಿ ಅಂದ್ಕೊಂಡಿದ್ದೆ. ಒಂಬತ್ತು ಅಂತ ಇವತ್ತೇ ಗೊತ್ತಾಯ್ತು."

ಅವನು ಬೈಯಲಿಲ್ಲ. ಮಗಳ ಹೆಗಲು ಹಿಡಿದು ಮೆಲ್ಲಗೆ ಎಬ್ಬಿಸಿಕೊಂಡು ಹೊರಗೆ ನಡೆದ. ಆ ಮುದುಕ ಚೆಲುವರಾಜುವಿನ ಮಾನ ಉಳಿಸಲು ಸುಳ್ಳೊಂದನ್ನು ಅಷ್ಟು ನೀಟಾದ ಅಕ್ಷರದಲ್ಲಿ ಬರೆದು ಕಳಿಸಿದ್ದ. ಇವನು ಆ ಕಾಗದವನ್ನು ಡ್ರಾಯರಿನಲ್ಲಿ ಇಟ್ಟಿದ್ದ. ಚೆಲುವರಾಜುವಿಗೆ ಸಭೆಯ ಕೂಗಾಟಕ್ಕಿಂತ ಇದು ಹೆಚ್ಚು ಚುಚ್ಚಿತು.

ಎಲ್ಲರೂ ಹೋದ ಮೇಲೂ ಒಬ್ಬ ಹೆಂಗಸು ಬಾಗಿಲ ಬಳಿ ನಿಂತಿದ್ದಳು. ನಲವತ್ತರ ಆಸುಪಾಸು, ಬರಿಹಣೆ.

"ನಾನು ಮಹಾನಂದಾ," ಎಂದಳು. "ಮೂರನೇ ಹೆಸರು ಹೇಳಿದ್ರಲ್ಲ, ಪ್ರಭುರಾವ್, ಅವರು ನಮ್ಮವರು. ಬಿದರಿ ಕೆಲಸ ಮಾಡ್ತಿದ್ರು. ಎರಡು ವರ್ಷದ ಮ್ಯಾಲಾಯ್ತು ತೀರಿಕೊಂಡು."

ಚೆಲುವರಾಜು ಕೈಮುಗಿದ. ಅವಳು ಅದನ್ನು ನೋಡದವಳಂತೆ ಮುಂದುವರಿಸಿದಳು.

"ಆಗ ನಮ್ಮತ್ತಿ, ಮೈದುನ ಎಲ್ಲರೂ ಅಂದ್ರು, ಕಲಬುರಗಿಗಿ ಒಯ್ಯೋಣು, ಅಲ್ಲಿ ಮನಿ ಮಾಡೋಣು, ಅಲ್ಲಿಯವರಿಗಿ ಲಗೂನ ತೇಪಿ ಸಿಗ್ಲಾಕತ್ತದ ಅಂತ. ನಾನೇ ಬ್ಯಾಡಂದೆ. ಫೋನಿನ್ಯಾಗ ನಂಬರ್ ಒಂದು ಬಂದಿತ್ತಲ್ರೀ. ಇವತ್ತಿಲ್ಲ ನಾಳಿ ಬರ್ತದ, ಇಂಥಾ ಹೊತ್ತಿನ್ಯಾಗ ಅವರನ್ನ ರಸ್ತಾದಾಗ ಯಾಕ ಅಲುಗಾಡಸಬೇಕು ಅಂದೆ. ನಂಬರ್ ಒಂದರಾಗೇ ಎರಡು ತಿಂಗಳು ಇದ್ದು ಹೋದ್ರು. ಆವತ್ತಿನಿಂದ ನಮ್ಮತ್ತಿ ನನ್ನ ಜೋಡಿ ಮಾತಾಡಂಗಿಲ್ಲ. ಒಂದೇ ಮನ್ಯಾಗ ಇರ್ತೀವಿ. ನಾನೇ ಮಗನ್ನ ತಿಂದೆ ಅಂತ ಆಕಿ ಮನಸಿನ್ಯಾಗ. ನನಗೂ ಹಂಗೇ ಅನಸ್ತಿತ್ತು."

"ನೀವು ಈಗ ಹೇಳಿದ್ದು ಬರದು ಕೊಡ್ರಿ," ಎಂದಳು ಮಹಾನಂದಾ.

ಮೇಜಿನ ಮೇಲೆ ಸಭೆಗೆಂದು ತಂದಿಟ್ಟ ಹಾಳೆಗಳಿದ್ದವು. ಅವನು ಕುಳಿತು ಬರೆದ. ಮೂರೇ ಸಾಲು. ಅವಳು ಇಸಿದುಕೊಂಡು, ಬಾಗಿಲ ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತ ಓದಿದಳು. "ಹಾರಾಟ ಸಮಯದ ನಿಗದಿಯಲ್ಲಿ ಉಂಟಾದ ವ್ಯತ್ಯಾಸದಿಂದಾಗಿ ಬೀದರ್ ರೋಗಿಗಳ ಸರದಿಯಲ್ಲಿ ತೊಂದರೆಯಾಗಿರುತ್ತದೆ..."

ಹಾಳೆಯನ್ನು ಮರಳಿ ಅವನ ಮುಂದಿಟ್ಟಳು.

"ಇದ್ರಾಗ ಯಾರೂ ಇಲ್ಲಲ್ರೀ," ಎಂದಳು. "ಉಂಟಾದ ಅಂದ್ರ ಯಾರು ಮಾಡಿದ್ದು? ನಮ್ಮತ್ತಿ ಕೇಳ್ತಾಳ."

ಅವನು ತಾನು ಬರೆದದ್ದನ್ನು ಮತ್ತೆ ಓದಿದ. ಅಷ್ಟು ಜನರೆದುರು ಬಾಯಿಬಿಟ್ಟು ಹೇಳಿ ಅರ್ಧ ಗಂಟೆಯೂ ಆಗಿರಲಿಲ್ಲ. ಕೈ ಮಾತ್ರ ಇಪ್ಪತ್ತು ವರ್ಷದ ಕಚೇರಿಯ ಅಭ್ಯಾಸದಿಂದ ಅವನನ್ನು ಬಚ್ಚಿಟ್ಟಿತ್ತು. ಆ ಹಾಳೆಯನ್ನು ಹರಿದ. ಇನ್ನೊಂದನ್ನು ತೆಗೆದುಕೊಂಡು 'ನಾನು' ಎಂದು ಶುರುಮಾಡಿದ. ಈ ಸಲ ಹಾಳೆ ತುಂಬಿತು.

ಮಹಾನಂದಾ ಓದಿ ತಲೆಯಾಡಿಸಿದಳು. ಆಮೇಲೆ, "ಆಕಿಗಿ ಓದ್ಲಿಕ್ಕ ಬರಂಗಿಲ್ಲ. ನಾ ಓದಿದ್ರ ನಂಬಂಗಿಲ್ಲ. ನೀವೇ ಬಂದು ಓದ್ರಿ," ಎಂದಳು.

ಇಬ್ಬರೂ ಬಿಸಿಲಲ್ಲಿ ನಡೆದು ಹೋದರು. ಕೋಟೆಯ ಹಿಂದಿನ ಓಣಿಯಲ್ಲಿ ಕಲ್ಲಿನ ಕಟ್ಟೆಯ ಪುಟ್ಟ ಮನೆ. ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತ ಮುದುಕಿ ಜೋಳ ಹಸನು ಮಾಡುತ್ತಿದ್ದಳು. ಸೊಸೆ ಬಂದದ್ದು ಕಂಡೂ ಮೊರದಿಂದ ಕಣ್ಣೆತ್ತಲಿಲ್ಲ. ಮಹಾನಂದಾ ಹೊಸ್ತಿಲಲ್ಲೇ ನಿಂತಳು. ಚೆಲುವರಾಜು ಮುದುಕಿಯ ಎದುರು ನೆಲದ ಮೇಲೆ ಕುಳಿತು ಹಾಳೆ ಬಿಚ್ಚಿದ.

"ನಾನು ಚೆಲುವರಾಜು. ಮೈಸೂರಿನವನು. ನಿಮ್ಮ ಮಗ ಪ್ರಭುರಾವ್ ಅವರಿಗೆ ಬರಬೇಕಾದ ತೇಪೆ ಬರದಂತೆ ಮಾಡಿದವನು ನಾನು..."

"ಏನಂತೀ?" ಮುದುಕಿ ಕಿವಿಗೆ ಕೈ ಹಚ್ಚಿದಳು. "ಕೇಳಸವಲ್ದು. ಜೋರಾಗಿ ಹೇಳು."

ಅವನು ದನಿ ಏರಿಸಿ ಮೊದಲಿನಿಂದ ಓದಿದ. ಅರ್ಧಕ್ಕೆ ಬಂದಾಗ ಅವಳು ಮತ್ತೆ ಕೈಸನ್ನೆ ಮಾಡಿದಳು. ಅವನು ಇನ್ನೂ ಜೋರಾಗಿ, ಕೂಗಿದಂತೆ ಓದಿದ. ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಓಣಿಯಲ್ಲಿ ಹೋಗುತ್ತಿದ್ದವರು ನಿಂತರು. 'ನನಗೆ ಗೊತ್ತಿತ್ತು' ಎಂಬ ಮಾತನ್ನು, 'ಇದರಲ್ಲಿ ನಿಮ್ಮ ಸೊಸೆಯದು ಏನೂ ತಪ್ಪಿಲ್ಲ, ಆಕೆ ನಂಬಿದ ನಂಬರನ್ನು ಸುಳ್ಳು ಮಾಡಿದವನು ನಾನು' ಎಂಬ ಮಾತನ್ನು ಅವನು ಆ ಓಣಿಯೆಲ್ಲ ಕೇಳುವಂತೆ ಓದಿ ಮುಗಿಸಿದ.

ಮುದುಕಿ ಅವನನ್ನೇ ನೋಡಿದಳು. ಬೈಯಬಹುದು, ಮೊರವನ್ನೆತ್ತಿ ಎಸೆಯಬಹುದು ಎಂದುಕೊಂಡ. ಎಸೆದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಆದರೆ ಅವಳ ಕಣ್ಣು ಅವನನ್ನು ದಾಟಿ ಹೊಸ್ತಿಲ ಕಡೆಗೆ ಹೋಯಿತು. ಅಲ್ಲಿ ಮಹಾನಂದಾ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು.

"ಬಿಸಲಾಗ ಯಾಕ ನಿಂತೀದಿ," ಎಂದಳು ಮುದುಕಿ. "ಒಳಗ ಬಾ. ಉಂಡೀಯೋ ಇಲ್ಲೋ?"

ಮಹಾನಂದಾ ಒಳಗೆ ಬಂದಳು. ಅತ್ತೆಯ ಮಗ್ಗುಲಲ್ಲಿ ಕುಸಿದು ಕುಳಿತು, ಅವಳ ಮಡಿಲಲ್ಲಿ ಮುಖವಿಟ್ಟಳು. ಮೊರ ಪಕ್ಕಕ್ಕೆ ಸರಿದು ಜೋಳದ ಕಾಳು ನೆಲದ ಮೇಲೆಲ್ಲ ಚೆಲ್ಲಿತು. ಮುದುಕಿ ಅದರ ಗೊಡವೆಗೆ ಹೋಗದೆ ಸೊಸೆಯ ಬೆನ್ನ ಮೇಲೆ ಕೈಯಿಟ್ಟಳು.

ಚೆಲುವರಾಜುವನ್ನು ಯಾರೂ ಮಾತಾಡಿಸಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವನು ಹಾಳೆಯನ್ನು ಕಟ್ಟೆಯ ಮೇಲಿಟ್ಟು, ಹಾರದಂತೆ ಅದರ ಮೇಲೊಂದು ಕಲ್ಲು ಹೇರಿ, ನಿಂತ ಜನರ ನಡುವೆ ತಲೆ ತಗ್ಗಿಸಿ ಓಣಿಯ ಉದ್ದಕ್ಕೂ ನಡೆದ. ಐದು ಹೆಸರುಗಳಲ್ಲಿ ಇನ್ನೂ ನಾಲ್ಕರ ಮನೆ ಉಳಿದಿತ್ತು. ತಿರುವಿನಲ್ಲಿ ನಿಂತಿದ್ದ ಒಬ್ಬನಿಗೆ ಮೊದಲ ಹೆಸರು ಹೇಳಿ, ಅವರ ಮನೆ ಎಲ್ಲಿ ಎಂದು ಕೇಳಿದ.